ಹಳೆಯ ಜಪಾನಿ ಹಿತ್ತಾಳೆಯ ಮಾದರಿ ರೈಲು ಎಂಜಿನ್ ಓಡದಿದ್ದರೆ: ದೋಷ ಹುಡುಕುವ ಕ್ರಮ

ಡಬ್ಬಿ ಬಿಚ್ಚಿ, ಎಂಜಿನ್ ಹಳಿಯ ಮೇಲಿಟ್ಟು, ಗುಂಡಿ ತಿರುಗಿಸಿದರೆ ಜಪ್ಪಯ್ಯ ಅನ್ನುವುದಿಲ್ಲ. ಆಗ ಬಹುಪಾಲು ಜನರ ಕೈ ಸ್ಕ್ರೂಡ್ರೈವರ್ ಹಿಡಿದು ನೇರ ಮೋಟರಿಗೆ ಹೋಗುತ್ತದೆ. ಅದೇ ಮೊದಲ ತಪ್ಪು. 1950 ಮತ್ತು 60ರ ದಶಕದ ತೆರೆದ ಚೌಕಟ್ಟಿನ ಮೋಟರುಗಳಲ್ಲಿ ಇರುವುದು ಆಲ್ನಿಕೋ, ಅಂದರೆ ಅಲ್ಯೂಮಿನಿಯಂ-ನಿಕಲ್-ಕೋಬಾಲ್ಟ್ ಮಿಶ್ರಲೋಹದ ಅಯಸ್ಕಾಂತ. ಅದನ್ನು ಚೌಕಟ್ಟಿನಿಂದ ಹೊರತೆಗೆದರೆ, ಅಥವಾ ನಡುವೆ ತಿರುಗುವ ಸುರುಳಿ ಸುತ್ತಿದ ಆರ್ಮೇಚರ್ ಎಳೆದುಬಿಟ್ಟರೆ, ಕಾಂತಬಲದ ಒಂದು ಪಾಲು ಆ ಕ್ಷಣಕ್ಕೇ ಹೋಗುತ್ತದೆ; ಮತ್ತೆ ಜೋಡಿಸಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಚೆನ್ನಾಗಿದ್ದ ಮೋಟರು ಹೀಗೆ 'ರಿಪೇರಿ'ಯಿಂದಲೇ ಹಾಳಾದ ಎಂಜಿನ್‌ಗಳು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮೋಟರು ಕೊನೆಗೆ. ಮೊದಲು ಕರೆಂಟಿನ ದಾರಿ, ಆಮೇಲೆ ಗಾಲಿ ಮತ್ತು ಗಾಲಿಗಳನ್ನು ಜೋಡಿಸುವ ರಾಡು.

ಇಲ್ಲಿ ಹೇಳುವುದೆಲ್ಲ ಎಚ್‌ಓ ಅಳತೆಯ, ಅಂದರೆ 1:87 ಪ್ರಮಾಣದ, 16.5 ಮಿ.ಮೀ. ಅಂತರದ ಹಳಿಯ ಅಮೆರಿಕನ್ ಮಾದರಿ ಉಗಿ ಎಂಜಿನ್‌ಗಳಿಗೆ ಅನ್ವಯ. ಜಪಾನಿನ ಕತ್ಸುಮಿ, ತೆನ್ಶೋಡೊ, ಯುನೈಟೆಡ್, ಅಕಾನೆ, ಟೋಬಿ ಮೊದಲಾದ ಕಾರ್ಖಾನೆಗಳು ಮಾಡಿದ್ದು. ಪೆಸಿಫಿಕ್ ಫಾಸ್ಟ್ ಮೇಲ್, ವೆಸ್ಟ್‌ಸೈಡ್, ಬಾಲ್ಬೋವಾ, ಮ್ಯಾಕ್ಸ್ ಗ್ರೇ, ಜೆಮ್ ಮುಂತಾದ ಅಮೆರಿಕದ ಆಮದುದಾರರು ತರಿಸಿ ಮಾರಿದ್ದು. ಕತ್ಸುಮಿಯ ಮುದ್ರೆ ಕೆಟಿಎಂ. ಬೈಕಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಡಾಲರಿಗೆ 360 ಯೆನ್ ಎಂಬ ಸ್ಥಿರ ದರ 1971ರಲ್ಲಿ ಮುರಿದ ಮೇಲೆ ಜಪಾನಿನ ಕೈಕೆಲಸ ದುಬಾರಿಯಾಯಿತು, ತಯಾರಿಕೆ ಮೆಲ್ಲಗೆ ಕೊರಿಯಾಕ್ಕೆ ಸರಿಯಿತು. ಕೊರಿಯಾದ ಎಂಜಿನ್‌ಗಳ ಕಾಯಿಲೆಗಳೇ ಬೇರೆ, ಗಾಲಿಯ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರು ಸೀಳುವುದು ಅವುಗಳಲ್ಲಿ ಮುಖ್ಯ. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೇಜಿನ ಮೇಲೆ ಬೇಕಾದದ್ದು

0ರಿಂದ 12 ವೋಲ್ಟಿನ ಡಿಸಿ ಪೂರೈಕೆ, ಆಂಪಿಯರ್ ತೋರಿಸುವಂಥದ್ದಾದರೆ ಒಳ್ಳೆಯದು. ಅಮೆರಿಕದಿಂದ ಎಂಜಿನ್ ಜೊತೆ ಬರುವ ಹಳೆಯ ಪವರ್ ಪ್ಯಾಕ್ 120 ವೋಲ್ಟಿನದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಗೆ ಗ್ಯಾರಂಟಿ. ಒಂದು ಮಲ್ಟಿಮೀಟರ್, ಕ್ಲಿಪ್ ಇರುವ ನಾಲ್ಕು ವಯರು, ಭೂತಗನ್ನಡಿ, ಸೀಳಿಗೆ ಸರಿಹೊಂದುವ ಅಗಲದ ಸಣ್ಣ ಸ್ಕ್ರೂಡ್ರೈವರುಗಳು. ಸ್ಕ್ರೂಗಳು ಮೆಟ್ರಿಕ್, ಹೆಚ್ಚಾಗಿ 2 ಮಿ.ಮೀ., ರಾಡು ಗಾಲಿಗೆ ಸೇರುವ ಕ್ರ್ಯಾಂಕ್‌ಪಿನ್ನಿನ ಹತ್ತಿರ 1.4 ಮಿ.ಮೀ. ಕೆಳಗೆ ಬಿದ್ದರೆ ಸಿಗುವುದಿಲ್ಲ, ಆದ್ದರಿಂದ ಬಿಳಿ ಬಟ್ಟೆ ಹಾಸಿಕೊಂಡು, ವಾರದ ಮಾತ್ರೆ ಡಬ್ಬಿಯ ಏಳು ಖಾನೆಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಹಾಕುತ್ತ ಹೋಗಿ.

ಇವೆಲ್ಲಕ್ಕಿಂತ ಉಪಯೋಗದ್ದು ಸ್ಕೂಟರಿನ ಇಂಡಿಕೇಟರ್ ಬಲ್ಬು: 12 ವೋಲ್ಟ್, 10 ವ್ಯಾಟ್. ಪೂರೈಕೆಯ ಒಂದು ವಯರಿನ ನಡುವೆ ಅದನ್ನು ಸರಣಿಯಾಗಿ ಸೇರಿಸಿ. ಪೂರ್ತಿ ಶಾರ್ಟ್ ಆದರೂ 0.83 ಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲ, ಹಾಗಾಗಿ ಸುರುಳಿ ಸುಡುವ ಭಯ ತೀರ ಕಡಿಮೆ. ಜೊತೆಗೆ ಅದೇ ಮೀಟರಿನ ಕೆಲಸವನ್ನೂ ಮಾಡುತ್ತದೆ. ಬಲ್ಬು ಕತ್ತಲು, ಎಂಜಿನ್ ಸುಮ್ಮನೆ: ಎಲ್ಲೋ ದಾರಿ ಕಡಿದಿದೆ. ಬಲ್ಬು ಝಗ್ ಎಂದು ಉರಿದು ಎಂಜಿನ್ ಸುಮ್ಮನೆ: ಶಾರ್ಟ್, ಇಲ್ಲವೇ ಮೋಟರು ಬಿಗಿದು ನಿಂತಿದೆ. ಬಲ್ಬು ಕೆಂಡದ ಬಣ್ಣಕ್ಕೆ ಮಂಕಾಗಿ ಹೊಳೆಯುತ್ತ ಮೋಟರು ತಿರುಗಿದರೆ ಎಲ್ಲ ಸರಿ. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಬಲ್ಬು ಒಮ್ಮೆ ಪ್ರಕಾಶವಾಗಿ ಮತ್ತೆ ಮಂಕಾಗುತ್ತಿದ್ದರೆ ಯಾಂತ್ರಿಕ ಬಿಗಿ ಇದೆ; ಅದು ಮುಂದಿನ ಮಾತು.

ಕರೆಂಟು ಹೋಗುವ ದಾರಿ

ಈ ಎಂಜಿನ್‌ಗಳ ಅರ್ಧ ತೊಂದರೆ ಇಷ್ಟರಲ್ಲಿದೆ: ಎಂಜಿನ್ ಪೂರ್ತಿ ಒಂದು ಧ್ರುವ, ಹಿಂದಿನ ಕಲ್ಲಿದ್ದಲು-ನೀರಿನ ಬಂಡಿ, ಅಂದರೆ ಟೆಂಡರ್, ಪೂರ್ತಿ ಇನ್ನೊಂದು ಧ್ರುವ. ಮುಂದಕ್ಕೆ ಮುಖ ಮಾಡಿ ನೋಡಿದಾಗ ಬಲಗಡೆಯ ಡ್ರೈವರ್ ಗಾಲಿಗಳು, ಅಂದರೆ ಮೋಟರು ತಿರುಗಿಸುವ ದೊಡ್ಡ ಗಾಲಿಗಳು, ಬರಿ ಲೋಹ. ಬಲ ಹಳಿಯ ಕರೆಂಟು ಅವುಗಳಿಂದ ಅಚ್ಚಿಗೆ, ಅಚ್ಚಿನಿಂದ ಚೌಕಟ್ಟಿಗೆ, ಅಲ್ಲಿಂದ ಮೋಟರಿನ ಒಂದು ಬ್ರಶ್ಶಿಗೆ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು) ಹೋಗುತ್ತದೆ. ಎಡಗಡೆಯ ಗಾಲಿಗಳಲ್ಲಿ ಹೊರಬಳೆಗೂ ನಡುವಿನ ಕಡ್ಡಿಗಳ ಭಾಗಕ್ಕೂ ಮಧ್ಯೆ ತೆಳುವಾದ ನಾರಿನ ಪಟ್ಟಿಯ ಇನ್ಸುಲೇಷನ್ ಇದೆ. ಟೆಂಡರಿನಲ್ಲಿ ಇದು ಉಲ್ಟಾ. ಎಡಗಾಲಿಗಳು ಬರಿ ಲೋಹ; ಗಾಲಿ, ಅಚ್ಚು, ಬೋಗಿಯ (ಟೆಂಡರಿನ ಅಡಿ ತಿರುಗುವ ಗಾಲಿಗಳ ಜೋಡಣೆ) ಪಕ್ಕದ ಚೌಕಟ್ಟು, ಅಡ್ಡತೊಲೆ, ಸ್ಪ್ರಿಂಗು ಮತ್ತು ಸ್ಕ್ರೂ, ಟೆಂಡರಿನ ತಳ, ಡ್ರಾಬಾರ್ ಪಿನ್, ಟೆಂಡರನ್ನು ಎಂಜಿನ್ನಿಗೆ ಸೇರಿಸುವ ಪಟ್ಟಿಯಾದ ಡ್ರಾಬಾರ್, ಅಲ್ಲಿಂದ ಒಂದು ವಯರು, ಕೊನೆಗೆ ಮೋಟರಿನ ಇನ್ನೊಂದು ಬ್ರಶ್ಶು. ಇಷ್ಟು ಉದ್ದದ ಸರಪಳಿಯಲ್ಲಿ ಬೆಸುಗೆ ಹಾಕಿದ ಕೊಂಡಿ ಒಂದೆರಡು. ಉಳಿದವೆಲ್ಲ ಬರಿ ತಾಗಿಕೊಂಡಿರುವವು. ಐವತ್ತು-ಅರವತ್ತು ವರ್ಷದ ಕಿಲುಬು, ಒಣಗಿದ ಎಣ್ಣೆ, ಯಾರೋ ಬಳಿದ ಬಣ್ಣ, ಯಾವುದು ಬಂದು ಕೂತರೂ ಸರಪಳಿ ಕಡಿಯುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಹಳಿಯ ಮೇಲಲ್ಲ. ಟೆಂಡರ್ ಬಿಡಿಸಿ ಪಕ್ಕಕ್ಕಿಡಿ. ಎಂಜಿನ್ನನ್ನು ಸ್ಪಂಜಿನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಲ್ಬು ಸೇರಿಸಿದ ಒಂದು ಕ್ಲಿಪ್ಪನ್ನು ಚೌಕಟ್ಟಿಗೆ, ಇನ್ನೊಂದನ್ನು ಡ್ರಾಬಾರಿಗೆ ಹಿಡಿಯಿರಿ. ಗಾಲಿ ತಿರುಗಿದರೆ ಎಂಜಿನ್ ಆರೋಗ್ಯವಾಗಿದೆ, ದೋಷ ಟೆಂಡರಿನಲ್ಲಿ. ತಿರುಗದಿದ್ದರೆ ಕ್ಲಿಪ್ಪನ್ನು ಡ್ರಾಬಾರಿನಿಂದ ಎತ್ತಿ ನೇರ ಬ್ರಶ್ಶಿನ ತುದಿಗೆ ಹಿಡಿಯಿರಿ. ಈಗ ತಿರುಗಿದರೆ ವಯರೋ ಅದರ ಬೆಸುಗೆಯೋ ಹೋಗಿದೆ. ಐದು ನಿಮಿಷದ ಕೆಲಸ ಇದು.

ಬಲ್ಬು ಝಗ್ ಎಂದು ಉರಿದರೆ

ಎಂಜಿನ್ ಒಂದನ್ನೇ ಇಟ್ಟಾಗ ಶಾರ್ಟ್ ಇಲ್ಲ, ಟೆಂಡರ್ ಸೇರಿಸಿದ ಕೂಡಲೇ ಬರುತ್ತದೆ ಅಂದರೆ ಎರಡೇ ಕಾರಣ. ಒಂದು, ಡ್ರಾಬಾರ್ ಎಂಜಿನ್ನಿಗೆ ಸೇರುವಲ್ಲಿನ ನಾರಿನ ವಾಷರು ಹರಿದಿದೆ ಅಥವಾ ಕಳೆದಿದೆ. ಅಂಗಡಿಯಲ್ಲಿ ಸಿಗುವ ನೈಲಾನ್ ವಾಷರು ಸಾಕು. ಆದರೆ ಸ್ಕ್ರೂವಿನ ಕುತ್ತಿಗೆಯ ಸುತ್ತಲಿನ ಕೊಳವೆಯಂಥ ಬುಷ್ ಮರೆಯಬೇಡಿ. ವಾಷರು ಹಾಕಿ ಬುಷ್ ಬಿಟ್ಟರೆ ರಂಧ್ರದ ಒಳಗಂಚೇ ತಾಗುತ್ತದೆ. ಇನ್ನೊಂದು, ಟೆಂಡರಿನ ಬೋಗಿಯನ್ನು ಯಾರೋ ಬಿಚ್ಚಿ ಹಿಂದುಮುಂದಾಗಿ ಹಾಕಿದ್ದಾರೆ. ಬಣ್ಣ ಹೊಡೆಸಿದ ಎಂಜಿನ್‌ಗಳಲ್ಲಿ ಇದು ತೀರ ಸಾಮಾನ್ಯ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಟೆಂಡರಿನ ತಳಕ್ಕೆ ಒಂದು ಕಡ್ಡಿ, ಒಂದೊಂದೇ ಗಾಲಿಗೆ ಇನ್ನೊಂದು ಕಡ್ಡಿ ಮುಟ್ಟಿಸಿ: ಎಡದವೆಲ್ಲ ಕೂಗಬೇಕು, ಬಲದ್ದು ಒಂದೂ ಕೂಗಬಾರದು. ಬೋಗಿ ಪೂರ್ತಿ ಉಲ್ಟಾ ಕೂಗಿದರೆ ಅರ್ಧ ಸುತ್ತು ತಿರುಗಿಸಿ ಹಾಕಿ. ಒಂದು ಅಚ್ಚು ಮಾತ್ರ ಉಲ್ಟಾ ಇದ್ದರೆ ಆ ಅಚ್ಚನ್ನು.

ನೇರ ಹಳಿಯಲ್ಲಿ ಸರಿಯಾಗಿ ಓಡಿ ತಿರುವಿನಲ್ಲಿ ಮಾತ್ರ ನಿಂತರೆ ಬೆಳಕು ಆರಿಸಿ ಕತ್ತಲಲ್ಲಿ ಓಡಿಸಿ. ಕಿಡಿ ಎಲ್ಲಿ ಹಾರುತ್ತದೋ ಅಲ್ಲೇ ದೋಷ. ಮುಂದಿನ ಸಣ್ಣ ಗಾಲಿ ಸಿಲಿಂಡರಿನ ಹಿಂಬದಿಗೆ ತಾಗುವುದು, ಬ್ರೇಕ್ ಕಟ್ಟೆ ಎಡಗಾಲಿಯ ಹೊರಬಳೆಗೆ ತಾಗುವುದು, ಕ್ಯಾಬಿನ ಮಾಡು ಟೆಂಡರಿನ ಕಲ್ಲಿದ್ದಲ ಗೋಡೆಗೆ ತಾಗುವುದು, ಈ ಮೂರು ಜಾಗ ಮೊದಲು ನೋಡಿ. ಡ್ರಾಬಾರಿನಲ್ಲಿ ಎರಡು ರಂಧ್ರ ಇದ್ದರೆ ಅಂತರ ಹೆಚ್ಚಾಗುವ ರಂಧ್ರವನ್ನು ಬಳಸಿ. ಎಂಜಿನ್-ಟೆಂಡರ್ ನಡುವಿನ ಅಂದದ ಬಿಗಿ ಅಂತರ ಕಪಾಟಿಗೆ, ಸಡಿಲ ಅಂತರ ಹಳಿಗೆ. 18 ಇಂಚಿನ ತ್ರಿಜ್ಯದ ತಿರುವಿನಲ್ಲಿ 2-8-2 (ಮುಂದೆ ಎರಡು ಸಣ್ಣ, ನಡುವೆ ಎಂಟು ಡ್ರೈವರ್, ಹಿಂದೆ ಎರಡು ಸಣ್ಣ ಗಾಲಿಯ ಎಂಜಿನ್) ಓಡಿಸಲು ಒದ್ದಾಡುವ ಬದಲು ತಿರುವನ್ನೇ ದೊಡ್ಡದು ಮಾಡಿ. ಇಂಥವಕ್ಕೆ 24 ಇಂಚು ಕನಿಷ್ಠ, ಜೋಡಿ ಚೌಕಟ್ಟಿನ ಭಾರಿ ಎಂಜಿನ್‌ಗಳಿಗೆ 30 ಅಥವಾ ಅದಕ್ಕೂ ಮೇಲೆ.

ಇನ್ನೊಂದು ಚೋದ್ಯ ಇದೆ. ಒಂದೊಂದೇ ಓಡಿಸಿದರೆ ಎರಡೂ ಎಂಜಿನ್ ಸರಿ, ಜೋಡಿಸಿದರೆ ಶಾರ್ಟ್. ಹಿಂದಿನ ಎಂಜಿನ್ನಿನ ಮುಂಭಾಗ ಬಲಧ್ರುವ, ಮುಂದಿನದರ ಟೆಂಡರ್ ಎಡಧ್ರುವ. ನಡುವೆ ಲೋಹದ ಕಪ್ಲರುಗಳು ಕೈ ಹಿಡಿದಿವೆ. ಒಂದು ಕಪ್ಲರನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು ನೈಲಾನ್ ಸ್ಕ್ರೂವಿನಿಂದ ಬಿಗಿದರೆ ಮುಗಿಯಿತು.

ಬಲ್ಬು ಹೊತ್ತದಿದ್ದರೆ, ಅಥವಾ ಎಂಜಿನ್ ಮುಗ್ಗರಿಸುತ್ತಿದ್ದರೆ

ಹಳಿಯಲ್ಲಿ 12 ವೋಲ್ಟ್ ಇಟ್ಟು ಮೋಟರಿನ ಎರಡು ಬ್ರಶ್ಶುಗಳ ನಡುವೆ ಎಷ್ಟು ತಲುಪುತ್ತಿದೆ ಅಳೆಯಿರಿ. ಮೋಟರು ತಿರುಗುತ್ತಿರುವಾಗಲೇ ಅಳೆಯಬೇಕು, ಬಲ್ಬು ತೆಗೆದಿರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಎಡ ಹಳಿಯಲ್ಲೇ ಬಿಟ್ಟು ಇನ್ನೊಂದನ್ನು ಸರಪಳಿಯುದ್ದಕ್ಕೂ ಸರಿಸುತ್ತ ಹೋಗಿ: ಬೋಗಿ, ಟೆಂಡರ್ ತಳ, ಪಿನ್, ಡ್ರಾಬಾರ್. ಅಂಕಿ ಎಲ್ಲಿ ಥಟ್ಟನೆ ಏರುತ್ತದೋ ಆ ಕೊಂಡಿ ಕೊಳಕು. ಹತ್ತರಲ್ಲಿ ಏಳು ಸಲ ಅದು ಬೋಗಿಯ ಅಡ್ಡತೊಲೆ ತಳಕ್ಕೆ ತಾಗುವ ಜಾಗ. ಅಲ್ಲಿ ನಾಣ್ಯದಗಲ ಬಣ್ಣ ಕೆರೆದು ಹಿತ್ತಾಳೆ ಹೊಳೆಯುವಂತೆ ಮಾಡಿ. ಶಾಶ್ವತ ಪರಿಹಾರ ಬೇಕೆಂದರೆ ಬೋಗಿಯಿಂದ ತಳಕ್ಕೆ ಕೂದಲಷ್ಟು ಮೆತ್ತನೆಯ ವಯರನ್ನು ಸುರುಳಿಯಾಗಿ ಬಿಟ್ಟು ಬೆಸೆಯಿರಿ, ಡ್ರಾಬಾರಿನ ಪಿನ್ನಿಗೂ ಹಾಗೇ ಒಂದು. ಎಂಜಿನ್ ಬದಿಯಲ್ಲಿ ಅಚ್ಚಿನ ಪೆಟ್ಟಿಗೆಗಳ ಹಳೆ ಎಣ್ಣೆ ಮೇಣವಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ತೆಳು ಎಣ್ಣೆ ಬಿಡಿ. ಹೊಲಿಗೆ ಯಂತ್ರಕ್ಕೆ ಬಿಡುವಂತೆ ಸುರಿದರೆ ಅದು ಹಳಿಗಿಳಿದು ಹೊಸ ಕೊಳಕಾಗುತ್ತದೆ.

ಮೋಟರು ತಿರುಗುತ್ತದೆ, ಗಾಲಿ ತಿರುಗುವುದಿಲ್ಲ

ಮೋಟರಿನ ಕಡ್ಡಿಗೂ ಗೇರುಪೆಟ್ಟಿಗೆಗೂ ನಡುವೆ ರಬ್ಬರ್ ಕೊಳವೆ ಇದ್ದರೆ ಅದೇ ಕಳ್ಳ. ಅರವತ್ತು ವರ್ಷದ ರಬ್ಬರು ಒಣಗಿದ ಹುಣಸೆ ನಾರಿನಂತೆ ಗಟ್ಟಿಯಾಗಿ ಸೀಳಿರುತ್ತದೆ, ಅಥವಾ ಬೆಲ್ಲದಂತೆ ಅಂಟಾಗಿರುತ್ತದೆ. ಸೀಳದೆ ಬರಿ ಗಟ್ಟಿಯಾದದ್ದು ಇನ್ನೂ ತೊಂದರೆ: ಓಡುತ್ತದೆ, ಆದರೆ ಇಡೀ ಬಾಯ್ಲರು ನಡುಗುತ್ತದೆ. ಕಡ್ಡಿಯ ವ್ಯಾಸ ಅಳೆದು, ಸಾಮಾನ್ಯವಾಗಿ 2 ಅಥವಾ 2.4 ಮಿ.ಮೀ., ಅದಕ್ಕಿಂತ ಸ್ವಲ್ಪ ಬಿಗಿಯಾದ ಸಿಲಿಕೋನ್ ಕೊಳವೆ ಹಾಕಿ. ಎರಡೂ ಕಡ್ಡಿಗಳ ತುದಿಯ ನಡುವೆ 2-3 ಮಿ.ಮೀ. ಅಂತರ ಇರಲಿ, ತುದಿ ತುದಿಗೆ ತಾಗಿದರೆ ಕೊಳವೆಗೆ ಬಾಗಲು ಜಾಗವಿಲ್ಲದೆ ಮತ್ತೆ ನಡುಕ. ಕೊಳವೆ ಬದಲಾಯಿಸಿದ ಮೇಲೆ ಗೇರುಪೆಟ್ಟಿಗೆಯೇ ಅಚ್ಚಿನ ಸುತ್ತ ಎದ್ದೇಳುತ್ತಿದ್ದರೆ ಅದನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ತೋಳು ಕಳೆದಿದೆ, 0.5 ಮಿ.ಮೀ. ಫಾಸ್ಫರ್ ಕಂಚಿನ ತಂತಿಯಲ್ಲಿ ಮಾಡಿಕೊಳ್ಳಬಹುದು.

ಕೊಳವೆಯೇ ಇಲ್ಲದೆ, ಗೇರನ್ನು ತಿರುಗಿಸುವ ಸ್ಕ್ರೂವಿನಂಥ ವರ್ಮ್ ನೇರ ಮೋಟರಿನ ಕಡ್ಡಿಯ ಮೇಲಿದ್ದರೆ, ವರ್ಮ್ ಸಡಿಲವಾಗಿ ಕಡ್ಡಿ ಒಳಗೇ ಸುತ್ತುತ್ತಿರಬಹುದು. ಕಡ್ಡಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ನೋಡಿದರೆ ತಿಳಿಯುತ್ತದೆ.

ಕುಂಟುವ ಎಂಜಿನ್

ಓಡುತ್ತದೆ, ಆದರೆ ಕುಂಟುತ್ತದೆ. ಕೊಳ್ಳುವವರು ಹೆಚ್ಚು ಹೆದರುವುದು ಇದಕ್ಕೆ, ಮಾರುವವರು ಹೆಚ್ಚು ಮರೆಮಾಚುವುದೂ ಇದನ್ನೇ. ಜೋರಾಗಿ ಓಡಿಸಿದ ವೀಡಿಯೊದಲ್ಲಿ ಕುಂಟು ಕಾಣುವುದಿಲ್ಲ.

ಮೊದಲು ಎಣಿಸಿ. ಗಾಲಿಯ ಒಂದು ಸುತ್ತಿಗೆ ಒಂದೇ ಕುಂಟು ಆದರೆ ದೋಷ ಗಾಲಿ, ರಾಡು, ಅಥವಾ ಅಚ್ಚಿನ ಮೇಲಿನ ಗೇರಿನಲ್ಲಿ. ಸುತ್ತಿಗೆ ಇಪ್ಪತ್ತು ಮೂವತ್ತು ಸಲ 'ಗುರ್ರ್' ಎಂದರೆ ವರ್ಮ್ ಅಥವಾ ಮೋಟರ್ ಕಡ್ಡಿ ಬಾಗಿದೆ, ಏಕೆಂದರೆ ಗಾಲಿಯ ಒಂದು ಸುತ್ತಿಗೆ ವರ್ಮ್ ಅಷ್ಟು ಸಲ ಸುತ್ತುತ್ತದೆ. ಈ ಎಣಿಕೆ ಮಾಡದೆ ರಾಡು ಬಿಚ್ಚಿದವರು ಅರ್ಧ ದಿನ ಕಳೆದು ಎಲ್ಲಿದ್ದರೋ ಅಲ್ಲೇ ಇರುತ್ತಾರೆ.

ಸುತ್ತಿಗೊಂದು ಕುಂಟು ಎಂದು ಖಚಿತವಾದ ಮೇಲೆ ಮೋಟರಿನ ಸ್ಕ್ರೂ ಸಡಿಲಿಸಿ, ಮೋಟರನ್ನು ಇಡಿಯಾಗಿ ಮೇಲೆತ್ತಿ ವರ್ಮ್ ಗೇರಿನಿಂದ ಬಿಡಿಸಿ. ಮೋಟರ್ ಬಿಚ್ಚುವುದು ಬೇರೆ, ಎತ್ತುವುದು ಬೇರೆ. ಎತ್ತಿದರೆ ಅಯಸ್ಕಾಂತಕ್ಕೆ ಏನೂ ಆಗುವುದಿಲ್ಲ. ಚಾಸಿಯನ್ನು 30 ಸೆಂ.ಮೀ. ಉದ್ದದ ಗಾಜಿನ ಹಲಗೆಯ ಮೇಲಿಟ್ಟು ಒಂದು ತುದಿಯನ್ನು ಎರಡು-ಮೂರು ಸೆಂ.ಮೀ. ಎತ್ತಿ. ಆರೋಗ್ಯವಂತ ಚಾಸಿ ತಾನಾಗಿ ಉರುಳಬೇಕು. ಎಲ್ಲಿ ನಿಲ್ಲುತ್ತದೋ ಆಗ ಬಲಗಡೆಯ ಕ್ರ್ಯಾಂಕ್‌ಪಿನ್ ಗಡಿಯಾರದ ಯಾವ ಗಂಟೆಯಲ್ಲಿದೆ ಬರೆದುಕೊಳ್ಳಿ. ಹತ್ತು ಸಲ ಉರುಳಿಸಿ ಹತ್ತೂ ಸಲ ಅದೇ ಗಂಟೆಗೆ ನಿಂತರೆ ಆ ಬಿಂದು ನಿಜ.

ಈಗ ಕಳೆಯುತ್ತ ಬನ್ನಿ. ಮೊದಲು ಪಿಸ್ಟನ್ ಕಡೆಯಿಂದ ಗಾಲಿಗೆ ಬರುವ ಮೇನ್ ರಾಡು ಮತ್ತು ಕವಾಟದ ಕಡ್ಡಿಗಳು. ಇವನ್ನು ಬಿಡಿಸಿದ ಕೂಡಲೇ ಬಿಗಿ ಹೋದರೆ ಪಿಸ್ಟನ್ ಕಡ್ಡಿಯ ತುದಿಯಲ್ಲಿ ಜಾರುವ ಕ್ರಾಸ್‌ಹೆಡ್ ತನ್ನ ಹಳಿಯಲ್ಲಿ ಸಿಕ್ಕಿಕೊಳ್ಳುತ್ತಿದೆ, ಅಥವಾ ಪಿಸ್ಟನ್ ಕಡ್ಡಿ ಸಿಲಿಂಡರಿನ ತಳಕ್ಕೆ ಹೋಗಿ ಬಡಿಯುತ್ತಿದೆ, ಅಥವಾ ಕವಾಟದ ಕಡ್ಡಿ ನಡೆಸುವ ಸಣ್ಣ ತೋಳಾದ ಎಕ್ಸೆಂಟ್ರಿಕ್ ಕ್ರ್ಯಾಂಕ್ ಜಾರಿ ತಪ್ಪು ಕೋನಕ್ಕೆ ವಾಲಿದೆ. ಕೊನೆಯದು ಅಂಚೆಯಲ್ಲಿ ಬಂದ ಎಂಜಿನ್‌ಗಳಲ್ಲಿ ಮಾಮೂಲು. ಒಂದು ಬದಿಯದು ಸರಿಯಿದ್ದರೆ ಅದನ್ನೇ ಕನ್ನಡಿಯಲ್ಲಿ ನೋಡಿದಂತೆ ಇನ್ನೊಂದನ್ನು ಕೂರಿಸಿ.

ಬಿಗಿ ಇನ್ನೂ ಇದ್ದರೆ ಡ್ರೈವರ್ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡನ್ನು ಎಡಗಡೆ ಪೂರ್ತಿ ತೆಗೆದು ಬಲಗಡೆ ಮಾತ್ರ ಉಳಿಸಿ ಉರುಳಿಸಿ. ಆಮೇಲೆ ಅದಲು ಬದಲು. ಒಂದೇ ಬದಿ ಇದ್ದಾಗಲೂ ಸಿಕ್ಕಿಕೊಂಡರೆ ಆ ಬದಿಯ ಯಾವುದೋ ಪಿನ್ ಬಾಗಿದೆ, ಅಥವಾ ರಾಡು ಬಾಗಿ ರಂಧ್ರಗಳ ಅಂತರ ಕಡಿಮೆಯಾಗಿದೆ. ಯಾವ ಬದಿ ಒಂಟಿಯಾಗಿದ್ದರೂ ಸರಾಗ, ಎರಡೂ ಸೇರಿದಾಗ ಮಾತ್ರ ಬಿಗಿ ಎಂದಾದರೆ ಅದು ಕ್ವಾರ್ಟರಿಂಗ್ ದೋಷ: ಒಂದು ಅಚ್ಚಿನ ಎಡ-ಬಲ ಪಿನ್ನುಗಳ ನಡುವಿನ 90 ಡಿಗ್ರಿ ಕೋನ ಉಳಿದ ಅಚ್ಚುಗಳಿಗೆ ಹೊಂದುತ್ತಿಲ್ಲ. ಇಲ್ಲಿ ಒಂದು ಸಮಾಧಾನ. ಕೋನ ಕರಾರುವಾಕ್ಕಾಗಿ 90 ಇರಲೇಬೇಕೆಂದಿಲ್ಲ, 89 ಇದ್ದರೂ ನಡೆಯುತ್ತದೆ. ಎಲ್ಲ ಅಚ್ಚಿನಲ್ಲೂ ಒಂದೇ ಇರಬೇಕು. ಗೇರು ಕೂತ ಅಚ್ಚನ್ನು ಪ್ರಮಾಣವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಕ್ವಾರ್ಟರರ್ ಎಂಬ ಸಲಕರಣೆ ಇದ್ದರೆ ಹತ್ತು ನಿಮಿಷ, ಇಲ್ಲದಿದ್ದರೆ ಗಾಲಿಯನ್ನು ಕೈಯಲ್ಲಿ ತಿರುಚುತ್ತ ಒಂದು ಸಂಜೆ.

ರಾಡಿನ ರಂಧ್ರವನ್ನು ದೊಡ್ಡದು ಮಾಡಿಬಿಟ್ಟರೆ ಬಿಗಿ ಮಾಯವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಮಾಯವಾಗುವುದು ನಿಜ. ದೋಷ ಮಾತ್ರ ಅಲ್ಲೇ ಇರುತ್ತದೆ, ಜೊತೆಗೆ ಗಡಗಡ ಸದ್ದು ಬೋನಸ್. ಹೀಗೆ ಕೊರೆದ ರಾಡಿನ ಬದಲಿ ಬಿಡಿಭಾಗ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಇನ್ನೆರಡು ಜಾಗ. ಡ್ರೈವರ್ ಅಚ್ಚುಗಳ ಪೆಟ್ಟಿಗೆಗಳ ಮೇಲೆ ಪುಟ್ಟ ಸ್ಪ್ರಿಂಗ್‌ಗಳಿವೆ. ಪ್ರತಿ ಅಚ್ಚನ್ನೂ ಬೆರಳಿಂದ ಒತ್ತಿದರೆ ಅರ್ಧ ಮಿ.ಮೀ.ನಷ್ಟು ಒಳಗೆ ಹೋಗಿ ಪುಟಿದು ಬರಬೇಕು. ಪುಟಿಯದ ಮೂಲೆಯಲ್ಲಿ ಸ್ಪ್ರಿಂಗ್ ಕಳೆದಿದೆ, ಅಥವಾ ಪೆಟ್ಟಿಗೆ ಉಲ್ಟಾ ಕೂತಿದೆ. ಎರಡನೆಯದು ಎಡಗಾಲಿಯ ಹೊರಬಳೆ. ನಾರಿನ ಪಟ್ಟಿ ಒಣಗಿ ಕುಗ್ಗಿದರೆ ಬಳೆ ಮೆಲ್ಲಗೆ ಹೊರಕ್ಕೆ ಸರಿಯುತ್ತದೆ. ಎಂಜಿನ್ ಕವಲುಹಳಿಯಲ್ಲಿ ಮಾತ್ರ ಹಳಿ ತಪ್ಪುತ್ತದೆ, ನೀವು ಕವಲುಹಳಿಯನ್ನು ಬೈಯುತ್ತೀರಿ. ಎರಡು ಗಾಲಿಗಳ ಒಳಮೈ ನಡುವಿನ ಅಂತರ ಸುಮಾರು 14.4 ಮಿ.ಮೀ. ಇರಬೇಕು, ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ ಅಳತೆಪಟ್ಟಿಯಲ್ಲಿ ನೋಡಿ. ಬಳೆಯನ್ನು ಚಪ್ಪಟೆ ಹಲಗೆಯ ಮೇಲೆ ಒತ್ತಿ ಕೂರಿಸಿ, ಸಂದಿಗೆ ತೆಳುವಾದ ಸೂಪರ್‌ಗ್ಲೂ ಒಂದು ಹನಿ ಹೀರಿಸಿ. ಹೆಚ್ಚಾದರೆ ಕಡ್ಡಿಗಳ ನಡುವೆ ಬಿಳಿ ಮಂಜು ಕೂರುತ್ತದೆ.

ಮುಂದಕ್ಕೆ ಸರಿ, ಹಿಂದಕ್ಕೆ ಗುರುಗುಟ್ಟುತ್ತದೆ

ಮೋಟರ್ ಕಡ್ಡಿಯ ಉದ್ದದ ಆಟ ಹೆಚ್ಚಾಗಿದೆ. ವರ್ಮ್ ಒಂದು ದಿಕ್ಕಿನಲ್ಲಿ ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದರಲ್ಲಿ ಹಿಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಎಳೆದಾಗ ಆರ್ಮೇಚರ್ ಬ್ರಶ್ಶಿನ ಕಡೆ ಹೋಗಿ ಉಜ್ಜುತ್ತದೆ. ತೆಳು ವಾಷರ್ ಒಂದೆರಡು ಹಾಕಿ ಆಟವನ್ನು 0.2 ಮಿ.ಮೀ.ನಷ್ಟಕ್ಕೆ ಇಳಿಸಿ. ಪೂರ್ತಿ ಇಲ್ಲವಾಗಿಸಿದರೆ ಬಿಸಿಯಾದಾಗ ಬಿಗಿಯುತ್ತದೆ.

ಮೋಟರು ಬಿಸಿ, ಎಳೆಯುವ ಶಕ್ತಿ ಇಲ್ಲ

ಈಗ ಮೋಟರಿನ ಸರದಿ. ಗೇರಿನಿಂದ ಬಿಡಿಸಿ, ಬಲ್ಬು ತೆಗೆದು, 12 ವೋಲ್ಟಿನಲ್ಲಿ ಖಾಲಿ ಓಡಿಸಿ ಆಂಪಿಯರ್ ನೋಡಿ. ಒಳ್ಳೆಯ ತೆರೆದ ಮೋಟರು 0.3ರಿಂದ 0.5 ಆಂಪಿಯರಿನ ಆಸುಪಾಸಿನಲ್ಲಿರುತ್ತದೆ. 0.8 ದಾಟಿ, ಕೀಚಲು ದನಿಯಲ್ಲಿ ಅತಿವೇಗವಾಗಿ ಸುತ್ತುತ್ತ, ಒಂದೇ ನಿಮಿಷಕ್ಕೆ ಬೆರಳು ಸುಡುವಷ್ಟು ಬಿಸಿಯಾದರೆ ಅಯಸ್ಕಾಂತ ಸೊರಗಿದೆ. ವೇಗ ಕಂಡು ಮೋಟರು ಬಲವಾಗಿದೆ ಅಂದುಕೊಳ್ಳುವುದು ಸಹಜವಾದ ತಪ್ಪು. ಕಾಂತಬಲ ಕಡಿಮೆಯಾದಷ್ಟೂ ಮೋಟರು ತನ್ನೊಳಗೇ ಹುಟ್ಟಿಸುವ ಎದುರು ವೋಲ್ಟೇಜು ಕಡಿಮೆ. ತಡೆಯುವವರಿಲ್ಲದೆ ಕರೆಂಟು ನುಗ್ಗುತ್ತದೆ, ವೇಗ ಏರುತ್ತದೆ, ಬೆರಳಿಟ್ಟರೆ ನಿಂತೇ ಹೋಗುತ್ತದೆ.

ಕರೆಂಟು ಹೆಚ್ಚಿದ್ದು ವೇಗ ಕಡಿಮೆಯಿದ್ದರೆ ಬೇರೆ ಕತೆ. ಬ್ರಶ್ಶುಗಳು ತಾಗುವ, ತಾಮ್ರದ ತುಂಡುಗಳಿಂದಾದ ಕಮ್ಯುಟೇಟರಿನ ಸೀಳುಗಳಲ್ಲಿ ಕಾರ್ಬನ್ ಪುಡಿ ತುಂಬಿ ಪಕ್ಕದ ತುಂಡುಗಳನ್ನು ಸೇರಿಸಿರುತ್ತದೆ. ಹಲ್ಲುಕಡ್ಡಿಯ ತುದಿ ಚೂಪು ಮಾಡಿ ಸೀಳು ಕೆರೆದು, ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಮರಳುಕಾಗದ ಬೇಡ. ಕಮ್ಯುಟೇಟರಿಗೆ ಎಣ್ಣೆ ಎಂದೆಂದಿಗೂ ಬೇಡ.

ಕೆಲವು ಸ್ಥಾನಗಳಲ್ಲಿ ಮಾತ್ರ ಶುರುವಾಗುತ್ತದೆ, ಬೆರಳಲ್ಲಿ ತಳ್ಳಿದರೆ ಓಡುತ್ತದೆ ಅಂದರೆ ಸುರುಳಿ ಕಡಿದಿದೆಯೇ ನೋಡಿ. ಬ್ರಶ್ಶುಗಳನ್ನು ಎತ್ತಿ ಹಿಡಿದು ಕಮ್ಯುಟೇಟರಿನ ಪಕ್ಕಪಕ್ಕದ ತುಂಡುಗಳ ನಡುವಿನ ಓಮ್ ಅಳೆಯಿರಿ. ಮೂರು ಧ್ರುವದ ಮೋಟರಿನಲ್ಲಿ ಮೂರೂ ಅಂಕಿ ಒಂದೇ ಬರಬೇಕು. ಒಂದು ಜೋಡಿ ಉಳಿದೆರಡರ ಎರಡರಷ್ಟು ತೋರಿಸಿದರೆ ಆ ಸುರುಳಿ ಕಡಿದಿದೆ. ಐದು ಧ್ರುವದ್ದರಲ್ಲಿ ಅದು ನಾಲ್ಕರಷ್ಟಾಗುತ್ತದೆ. ತಂತಿ ಕಡಿಯುವುದು ಸಾಮಾನ್ಯವಾಗಿ ಕಮ್ಯುಟೇಟರಿನ ಬೆಸುಗೆಯ ಬುಡದಲ್ಲೇ, ಮತ್ತೆ ಬೆಸೆದರೆ ಸಾಕು. ಸೊನ್ನೆಗೆ ಹತ್ತಿರ ಬಂದರೆ ಸುರುಳಿಯೊಳಗೇ ಶಾರ್ಟ್, ಅದಕ್ಕೆ ಸುಲಭದ ಮದ್ದಿಲ್ಲ.

ಸೊರಗಿದ ಅಯಸ್ಕಾಂತದ ಜಾಗಕ್ಕೆ ನಿಯೋಡಿಮಿಯಂ ತುಂಡುಗಳನ್ನು ಉಕ್ಕಿನ ಹಲಗೆಯ ಜೊತೆ ಸೇರಿಸಿ, ಮೂಲದಷ್ಟೇ ದಪ್ಪಕ್ಕೆ ತಂದು ಕೂರಿಸಬಹುದು. ಧ್ರುವ ತಿರುಗುಮುರುಗಾದರೆ ಎಂಜಿನ್ ಹಿಂದಕ್ಕೆ ಓಡುತ್ತದೆ, ಅಷ್ಟೆ, ತಿರುಗಿಸಿ ಹಾಕಿ. ಅತಿ ಬಲವಾದದ್ದು ಹಾಕಿದರೆ ನಿಧಾನವೇಗದಲ್ಲಿ ಕಟಕಟ ಎಂದು ಹಲ್ಲಿಂದ ಹಲ್ಲಿಗೆ ಹಾರುತ್ತದೆ. ಓಡಿಸುವುದೇ ಮುಖ್ಯ ಎನ್ನುವವರಿಗೆ ಮುಚ್ಚಿದ ಡಬ್ಬಿ ಮೋಟರು ಹಾಕುವುದು ಒಳ್ಳೆಯದು. ಬಹಳ ಕಾಲ ಎಲ್ಲರೂ ಹಾಕುತ್ತಿದ್ದ ಮಶಿಮಾ ಮೋಟರಿನ ತಯಾರಿಕೆ ನಿಂತಿರುವುದರಿಂದ ಹಳೆ ದಾಸ್ತಾನು ಹುಡುಕಬೇಕು. ಡಿಜಿಟಲ್ ಸಂಕೇತದಿಂದ ಎಂಜಿನ್ ನಡೆಸುವ ಡಿಸಿಸಿ ಡಿಕೋಡರ್ ಹಾಕುವ ಆಲೋಚನೆ ಇದ್ದರೆ ಮೊದಲು ಗಾಲಿ ಹಿಡಿದು ನಿಲ್ಲಿಸಿ 12 ವೋಲ್ಟಿನಲ್ಲಿ ಕರೆಂಟು ಅಳೆಯಿರಿ. ತೆರೆದ ಮೋಟರು ಸುಲಭವಾಗಿ 1 ಆಂಪಿಯರ್ ದಾಟುತ್ತದೆ, ಸಾಮಾನ್ಯ ಎಚ್‌ಓ ಡಿಕೋಡರಿನ ತಾಳಿಕೆ ಅಷ್ಟೇ. ಚೌಕಟ್ಟಿಗೆ ನೇರ ತಾಗುವ ಆ ಒಂದು ಬ್ರಶ್ಶನ್ನೂ ಬೇರ್ಪಡಿಸಬೇಕು. ಅದನ್ನು ಮರೆತರೆ ಡಿಕೋಡರು ಮೊದಲ ಸೆಕೆಂಡಿನಲ್ಲೇ ಹೋಗುತ್ತದೆ.

ಮೈಮೇಲಿನ ದೋಷಗಳು

ಬಣ್ಣವಿಲ್ಲದ ಎಂಜಿನ್ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಕಂದುಗಟ್ಟಿದೆ ಎಂದು ದೀಪಾವಳಿಗೆ ದೀಪದ ಕಂಬ ಬೆಳಗುವಂತೆ ಹುಣಸೆಹಣ್ಣು, ನಿಂಬೆಹುಳಿ ಹಾಕಿ ತಿಕ್ಕಬೇಡಿ. ಹುಳಿ ಲ್ಯಾಕರಿನ ಬಿರುಕಿನಿಂದ ಒಳಗಿಳಿದು ರಿವೆಟ್ಟುಗಳ ಬುಡದಲ್ಲಿ ಉಳಿಯುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲೆಲ್ಲ ಹಸಿರು ಕಿಲುಬು. ಪಾಲಿಷ್ ಮಾಡಿದ ಎಂಜಿನ್ನಿಗೆ ಸಂಗ್ರಹಕಾರರು ಕಡಿಮೆ ಬೆಲೆ ಕೊಡುತ್ತಾರೆ. ಕಂದು ಬಣ್ಣ ದೋಷವಲ್ಲ.

ಡಬ್ಬಿಯ ಹಳೆ ಸ್ಪಂಜು ಮಾತ್ರ ನಿಜವಾದ ಶತ್ರು. ಪಾಲಿಯುರೆಥೇನ್ ಸ್ಪಂಜು ಕಾಲಕ್ರಮೇಣ ಪುಡಿಯಾಗಿ, ಆಮೇಲೆ ಅಂಟಾಗಿ ಲ್ಯಾಕರಿಗೂ ಬಣ್ಣಕ್ಕೂ ಕಚ್ಚಿಕೊಳ್ಳುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಬಂದ ದಿನವೇ ತೆಗೆದೆಸೆದು ಆಮ್ಲರಹಿತ ಕಾಗದದಲ್ಲಿ ಸುತ್ತಿ. ಬಾಯ್ಲರಿನೊಳಗಿನ ಸೀಸದ ತೂಕದ ಮೇಲೆ ಬಿಳಿ ಪುಡಿ ಕಂಡರೆ ಊದಬೇಡಿ. ಒದ್ದೆ ಕಾಗದದಲ್ಲಿ ಒರೆಸಿ, ಕೈ ತೊಳೆಯಿರಿ.

ಬಿಟ್ಟುಕೊಂಡ ಸಣ್ಣ ಕೊಳವೆ, ಕೈಹಿಡಿಕೆಗಳಿಗೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು. ಬಾಯ್ಲರಿನ ಹಿತ್ತಾಳೆ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ; ಐರನ್ ಹಿಡಿದುಕೊಂಡೇ ಇದ್ದರೆ ಪಕ್ಕದ ನಾಲ್ಕು ಬೆಸುಗೆಗಳೂ ಬಿಟ್ಟುಕೊಳ್ಳುತ್ತವೆ, ಏಕೆಂದರೆ ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗಲು ಶುರು. ಬೇಕಾದ ಜಾಗವನ್ನಷ್ಟೇ ಕರೆಂಟಿನಿಂದ ಕಾಯಿಸುವ ರೆಸಿಸ್ಟೆನ್ಸ್ ಬೆಸುಗೆ ಯಂತ್ರ ಇಲ್ಲದಿದ್ದರೆ ಎಪಾಕ್ಸಿ ಚುಕ್ಕೆ ಇಟ್ಟು ಕೂರಿಸುವುದು ನಾಚಿಕೆಯ ಕೆಲಸವೇನಲ್ಲ.

ಕೊಳ್ಳುವ ಮೊದಲು ದೂರದಿಂದಲೇ ಪರೀಕ್ಷೆ

ವಿದೇಶದಿಂದ ಭಾರತಕ್ಕೆ ತರಿಸುವಾಗ ಸುಂಕವನ್ನು ಸಾಗಣೆ ಮತ್ತು ವಿಮೆ ಸೇರಿದ ಬೆಲೆಯ ಮೇಲೆ ಹಾಕುತ್ತಾರೆ, ವಾಪಸ್ ಕಳಿಸುವುದು ಬಹುತೇಕ ಲಾಭವಿಲ್ಲದ ವ್ಯವಹಾರ. ಅದಕ್ಕೇ ಮಾರುವವರಿಂದ ಮೂರು ಕೇಳಿ. ಒಂದು, ಎಂಜಿನ್ ಮತ್ತು ಟೆಂಡರಿನ ಅಡಿಭಾಗದ ಚಿತ್ರ, ಸ್ಕ್ರೂ ಸೀಳುಗಳು ಕಾಣುವಂತೆ. ಸೀಳು ಕಿತ್ತುಹೋಗಿದ್ದರೆ ಒಳಗೆ ಯಾರೋ ಅವಸರದ ಕೈ ಆಡಿಸಿದ್ದಾರೆ. ಎರಡು, ಡ್ರಾಬಾರು ಮತ್ತು ಅದರ ಸ್ಕ್ರೂವಿನ ಹತ್ತಿರದ ಚಿತ್ರ. ಮೂರು, ಒಂದು ಸಾಮಾನ್ಯ 9 ವೋಲ್ಟ್ ಬ್ಯಾಟರಿಯ ಒಂದು ತುದಿಯನ್ನು ಚೌಕಟ್ಟಿಗೆ, ಇನ್ನೊಂದನ್ನು ಡ್ರಾಬಾರಿಗೆ ವಯರಿನಲ್ಲಿ ಮುಟ್ಟಿಸಿದ ಹತ್ತು ಸೆಕೆಂಡಿನ ವೀಡಿಯೊ. ಹಳಿ ಬೇಡ, ಪವರ್ ಪ್ಯಾಕ್ ಬೇಡ, ಯಾರಾದರೂ ಮಾಡಬಹುದು. ಗಾಲಿ ತಿರುಗಿದರೆ 'ಪರೀಕ್ಷಿಸಿಲ್ಲ' ಎಂಬ ಷರಾದ ಬೆಲೆಗೆ ಓಡುವ ಎಂಜಿನ್ ಸಿಕ್ಕಂತೆ. ತಿರುಗದಿದ್ದರೂ ಮೋಟರು 'ಮ್ಮ್' ಎಂದರೆ ಚಿಂತೆಯಿಲ್ಲ, ಒಣಗಿದ ಗ್ರೀಸು ಇರಬಹುದು. ಕವಾಟದ ಕಡ್ಡಿ ಅಥವಾ ರಾಡು ಕಳೆದಿದ್ದರೆ ಮಾತ್ರ ದೂರ ಇರಿ. ಮೋಟರಿಗೆ ಬದಲಿ ಉಂಟು, ರಾಡಿಗೆ ಇಲ್ಲ. ಕಳಿಸುವಾಗ ಎಂಜಿನ್ ಮತ್ತು ಟೆಂಡರ್ ಬೇರೆಬೇರೆ ಸುತ್ತಲು ಹೇಳಿ. ಒಟ್ಟಿಗೆ ಹಾಕಿದರೆ ಟೆಂಡರೇ ಕ್ಯಾಬನ್ನು ಗುದ್ದಿ ಬಗ್ಗಿಸುತ್ತದೆ.

ದುರಸ್ತಿ ಮುಗಿದ ಮೇಲೆ ತೆಗೆದ ಮೂಲ ಮೋಟರು, ಸ್ಕ್ರೂ, ವಾಷರುಗಳನ್ನು ಚೀಲಕ್ಕೆ ಹಾಕಿ ಡಬ್ಬಿಯಲ್ಲೇ ಇಡಿ. ಜೊತೆಗೊಂದು ಚೀಟಿ: ದಿನಾಂಕ, ಏನು ಬದಲಾಯಿಸಿದ್ದು, 12 ವೋಲ್ಟಿನಲ್ಲಿ ಖಾಲಿ ಎಷ್ಟು ಆಂಪಿಯರ್, ಹಳಿಯ ಮೇಲೆ ಎಷ್ಟು. ಮುಂದಿನ ವರ್ಷ ಅದೇ ಅಂಕಿ 0.4ರಿಂದ 0.6ಕ್ಕೆ ಏರಿದ್ದರೆ ಎಂಜಿನ್ ಕುಂಟುವ ಮೊದಲೇ ತಿಳಿಯುತ್ತದೆ.